ರಾಮ್ನಿಯ 47 ಪರ್ಸೆಂಟ್ ಮತ್ತು ಮಂಡ್ಯದ ತೆರಿಗೆ ಲೆಕ್ಕ

"ತೆರಿಗೆ ಕಟ್ಟೋರು ನಾವು, ಮಜಾ ಮಾಡೋರು ಅವರು." 2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು. ಅದೇ ವರ್ಷ ಆಗಸ್ಟ್ 30ರಂದು ಮೈಸೂರಿನ ಮಹಾರಾಜ ಕಾಲೇಜು ಮೈದಾನದಲ್ಲಿ ಗೃಹಲಕ್ಷ್ಮಿಗೆ ಚಾಲನೆ ಸಿಕ್ಕಿತು. ಅಲ್ಲಿಂದೀಚೆಗೆ ಈ ಮಾತು ನಮ್ಮ ಕಡೆ ಕೇಳದ ದಿನವಿಲ್ಲ. ಕುವೆಂಪುನಗರದ ಕಾಫಿ ಹೋಟೆಲಿನಲ್ಲಿ, ಕುಕ್ಕರಹಳ್ಳಿ ಕೆರೆ ಏರಿಯ ಬೆಳಗಿನ ನಡಿಗೆಯಲ್ಲಿ, ಮೈಸೂರು–ಬೆಂಗಳೂರು ರೈಲಿನಲ್ಲಿ, ಪಕ್ಷಭೇದವಿಲ್ಲದೆ ಜನ ಇದನ್ನು ಆಡುತ್ತಾರೆ. ಹೇಳುವವರಲ್ಲಿ ಬಹುಪಾಲು ಜನ ಕೆಟ್ಟವರಲ್ಲ. ತಿಂಗಳ ಸಂಬಳದಲ್ಲಿ ತೆರಿಗೆ ಮುರಿದುಕೊಂಡ ಸಾಲನ್ನು ಕಣ್ಣಾರೆ ನೋಡುವವರಿಗೆ ಹಾಗನಿಸುವುದು ಸಹಜವೂ ಹೌದು.

ಇದೇ ಮಾತನ್ನು ಅಮೆರಿಕದ ಅಧ್ಯಕ್ಷ ಪದವಿಯ ಅಭ್ಯರ್ಥಿಯೊಬ್ಬರು 2012ರಲ್ಲಿ ಆಡಿದರು. ಎದುರಾಳಿಗಳು ಮುಗಿಬಿದ್ದದ್ದು ಸರಿಯೇ. ಆದರೆ ಅವರ ಪಕ್ಷದವರೇ, ಅವರ ವಿಚಾರವನ್ನೇ ಒಪ್ಪುವ ಪತ್ರಕರ್ತರೇ, ಅದೇ ಚುನಾವಣೆಯಲ್ಲಿ ಅದೇ ಚಿಹ್ನೆಯಡಿ ನಿಂತಿದ್ದ ಅಭ್ಯರ್ಥಿಗಳೇ "ಈ ಮಾತು ನಮ್ಮದಲ್ಲ" ಎಂದು ದೂರ ಸರಿದರು. ಅವರು ಯಾಕೆ ಹಾಗೆ ಮಾಡಿದರು ಎಂಬುದನ್ನು ಬಿಡಿಸಿ ನೋಡಿದರೆ, ತೆರಿಗೆ ಕಟ್ಟುವವರು ಯಾರು ಎಂಬ ಪ್ರಶ್ನೆಗೆ ನಾವು ಕೊಟ್ಟುಕೊಳ್ಳುತ್ತಿರುವ ಉತ್ತರ ಎಲ್ಲಿ ತಪ್ಪಿದೆ ಎನ್ನುವುದೂ ಗೊತ್ತಾಗುತ್ತದೆ. ಈ ತಪ್ಪನ್ನು ನಾನು ಸಣ್ಣದೆಂದು ತಿಳಿದಿಲ್ಲ. ದುಡಿಯುವ ಜನರನ್ನು ಬಿಟ್ಟಿ ಉಣ್ಣುವವರೆಂದು ಕರೆಯುವ ಮುನ್ನ ಲೆಕ್ಕವನ್ನಾದರೂ ಸರಿಯಾಗಿ ಮಾಡಬೇಕು.

ಆ ಅಭ್ಯರ್ಥಿ ಮಿಟ್ ರಾಮ್ನಿ, ರಿಪಬ್ಲಿಕನ್ ಪಕ್ಷದವರು. ಮ್ಯಾಸಚೂಸೆಟ್ಸ್ ರಾಜ್ಯದ ಮಾಜಿ ಗವರ್ನರ್, ಅದಕ್ಕೂ ಮೊದಲು ಬೇನ್ ಕ್ಯಾಪಿಟಲ್ ಎಂಬ ಹೂಡಿಕೆ ಕಂಪನಿ ಕಟ್ಟಿ ದೊಡ್ಡ ಹಣ ಮಾಡಿದವರು. 2012ರ ಮೇ 17ರಂದು ಫ್ಲಾರಿಡಾದ ಬೋಕಾ ರಟೋನ್ ಎಂಬ ಊರಿನ ಶ್ರೀಮಂತರ ಮನೆಯೊಂದರಲ್ಲಿ ಚುನಾವಣಾ ನಿಧಿಗಾಗಿ ಊಟದ ಕೂಟ ನಡೆಯಿತು. ಒಬ್ಬರ ಊಟಕ್ಕೆ 50,000 ಡಾಲರ್. ಅಲ್ಲಿ ರಾಮ್ನಿ ಹೇಳಿದ್ದರ ಸಾರ ಇಷ್ಟು: ಏನೇ ಆದರೂ ಒಬಾಮಾಗೇ ವೋಟು ಹಾಕುವ 47 ಪರ್ಸೆಂಟ್ ಜನ ಇದ್ದಾರೆ. ಅವರು ಸರ್ಕಾರವನ್ನು ನೆಚ್ಚಿಕೊಂಡವರು, ತಮ್ಮನ್ನು ತಾವು ಅನ್ಯಾಯಕ್ಕೆ ಒಳಗಾದವರೆಂದು ತಿಳಿದವರು. ಆರೋಗ್ಯ, ಊಟ, ಮನೆ ಎಲ್ಲವನ್ನೂ ಸರ್ಕಾರವೇ ಕೊಡಬೇಕೆಂದು ನಂಬಿದವರು. ಆದಾಯ ತೆರಿಗೆ ಕಟ್ಟದವರು. ಅವರ ಬಗ್ಗೆ ಚಿಂತಿಸುವುದು ನನ್ನ ಕೆಲಸವಲ್ಲ, ತಮ್ಮ ಬದುಕಿನ ಹೊಣೆ ತಾವೇ ಹೊರಬೇಕೆಂದು ಅವರನ್ನು ಒಪ್ಪಿಸುವುದು ನನ್ನಿಂದ ಎಂದಿಗೂ ಆಗದು.

ಆ ಕೂಟದಲ್ಲಿ ಪಾನೀಯ ಬಡಿಸಲು ಬಂದಿದ್ದ ಕೆಲಸಗಾರನೊಬ್ಬ ಇದನ್ನು ಚಿತ್ರೀಕರಿಸಿಕೊಂಡಿದ್ದ. ನಾಲ್ಕು ತಿಂಗಳ ನಂತರ, ಸೆಪ್ಟೆಂಬರ್ 17ರಂದು, ಮದರ್ ಜೋನ್ಸ್ ಪತ್ರಿಕೆ ಅದನ್ನು ಹೊರಹಾಕಿತು. ಮತದಾನಕ್ಕೆ ಏಳು ವಾರ ಉಳಿದಿತ್ತು. ಅದೇ ರಾತ್ರಿ ರಾಮ್ನಿ ಕ್ಯಾಲಿಫೋರ್ನಿಯಾದಲ್ಲಿ ಪತ್ರಕರ್ತರನ್ನು ಕರೆದು, ಮಾತು ಸೊಗಸಾಗಿ ಬರಲಿಲ್ಲ ಎಂದರು. ಮಾತು ತಪ್ಪು ಎನ್ನಲಿಲ್ಲ.

ಜೋರು ಏಟು ಬಿದ್ದದ್ದು ಸ್ವಂತ ಪಾಳಯದಿಂದ. ವೀಕ್ಲಿ ಸ್ಟ್ಯಾಂಡರ್ಡ್ ಎಂಬ ಸಂಪ್ರದಾಯವಾದಿ ವಾರಪತ್ರಿಕೆಯ ಸಂಪಾದಕ ಬಿಲ್ ಕ್ರಿಸ್ಟಲ್ ಇದನ್ನು ದುರಹಂಕಾರದ, ಮೂರ್ಖತನದ ಮಾತು ಎಂದು ಕರೆದರು. ಆದಾಯ ತೆರಿಗೆ ಕಟ್ಟದವರಲ್ಲಿ ದೊಡ್ಡ ಪಾಲು ರಾಮ್ನಿಯ ಬೆಂಬಲಿಗರೇ ಎಂದೂ, ಅದರಲ್ಲಿ ನಿವೃತ್ತ ಹಿರಿಯರೂ ಸೇನೆಯಲ್ಲಿ ದುಡಿಯುವವರೂ ಇದ್ದಾರೆ ಎಂದೂ ನೆನಪಿಸಿದರು. ನ್ಯೂಯಾರ್ಕ್ ಟೈಮ್ಸ್‌ನ ಡೇವಿಡ್ ಬ್ರೂಕ್ಸ್, ರೇಗನ್ ಅವರಿಗೆ ಭಾಷಣ ಬರೆದುಕೊಡುತ್ತಿದ್ದ ಪೆಗ್ಗಿ ನೂನನ್, ಇಬ್ಬರೂ ಬಲಪಂಥದ ಓದುಗರು ಗೌರವಿಸುವ ಅಂಕಣಕಾರರು. ಇಬ್ಬರೂ ಕಟುವಾಗಿ ಬರೆದರು.

ಚುನಾವಣೆಗೆ ನಿಂತಿದ್ದವರ ಸಂಕಟ ಬೇರೆಯದು. ಕನೆಕ್ಟಿಕಟ್‌ನಿಂದ ಸೆನೆಟ್‌ಗೆ ಸ್ಪರ್ಧಿಸಿದ್ದ ಲಿಂಡಾ ಮೆಕ್‌ಮಹೊನ್ ಒಂದೇ ದಿನದಲ್ಲಿ ತಮ್ಮ ಭಿನ್ನಮತ ತಿಳಿಸಿದರು. ಮ್ಯಾಸಚೂಸೆಟ್ಸ್‌ನ ಸೆನೆಟರ್ ಸ್ಕಾಟ್ ಬ್ರೌನ್, ನಾನು ಜಗತ್ತನ್ನು ನೋಡುವ ರೀತಿ ಅದಲ್ಲ ಎಂದರು. ನೆವಾಡಾದ ಡೀನ್ ಹೆಲ್ಲರ್ ತಮ್ಮ ತಂದೆ ವಾಹನ ರಿಪೇರಿ ಮಾಡುತ್ತಿದ್ದವರು, ತಾಯಿ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದವರು ಎಂದು ಹೇಳಿ ಅಂತರ ಕಾಯ್ದುಕೊಂಡರು. ನನಗೆ ಇವರೆಲ್ಲರಿಗಿಂತ ಮುಖ್ಯವಾಗಿ ಕಾಣುವವರು ನ್ಯೂ ಮೆಕ್ಸಿಕೋದ ಗವರ್ನರ್ ಸುಸಾನಾ ಮಾರ್ಟಿನೆಜ್. ನಮ್ಮ ರಾಜ್ಯದಲ್ಲಿ ಬಡತನದಲ್ಲಿರುವ ಜನ ಬಹಳ, ಅವರೂ ಉಳಿದ ಎಲ್ಲರಷ್ಟೇ ಲೆಕ್ಕಕ್ಕೆ ಬರುತ್ತಾರೆ ಎಂದು ಅವರು ನೇರವಾಗಿ ಹೇಳಿದರು. ಬಡವರೇ ತುಂಬಿದ ರಾಜ್ಯವನ್ನು ಆಳುವವರಿಗೆ ಬೇರೆ ಉತ್ತರ ಇರಲೂ ಸಾಧ್ಯವಿಲ್ಲ.

ಇನ್ನು 47ರ ಲೆಕ್ಕಕ್ಕೆ ಬರೋಣ. ರಾಮ್ನಿ ಸಂಖ್ಯೆಯನ್ನು ಗಾಳಿಯಿಂದ ಹಿಡಿದು ತಂದಿರಲಿಲ್ಲ. ವಾಷಿಂಗ್ಟನ್ನಿನ ಟ್ಯಾಕ್ಸ್ ಪಾಲಿಸಿ ಸೆಂಟರ್ ಲೆಕ್ಕ ಹಾಕಿದಂತೆ, 2011ರಲ್ಲಿ ಅಮೆರಿಕದ ಶೇ 46.4ರಷ್ಟು ಕುಟುಂಬಗಳು ಕೇಂದ್ರ ಸರ್ಕಾರಕ್ಕೆ ಆದಾಯ ತೆರಿಗೆ ಕಟ್ಟಲಿಲ್ಲ. ಸಂಖ್ಯೆ ಸರಿ. ಆ ಸಂಖ್ಯೆಯೊಳಗೆ ಯಾರಿದ್ದಾರೆ ಎನ್ನುವುದನ್ನು ಅವರು ನೋಡಲಿಲ್ಲ.

ಒಟ್ಟು ಕುಟುಂಬಗಳಲ್ಲಿ ಶೇ 28.3ರಷ್ಟು ಆದಾಯ ತೆರಿಗೆ ಕಟ್ಟದಿದ್ದರೂ ಕೂಲಿ ಅಥವಾ ಸಂಬಳದ ಮೇಲಿನ ತೆರಿಗೆ ಕಟ್ಟುತ್ತಿದ್ದವು. ವೃದ್ಧಾಪ್ಯದ ಪಿಂಚಣಿಗೂ ಹಿರಿಯರ ಆಸ್ಪತ್ರೆ ಖರ್ಚಿಗೂ ಅಲ್ಲಿ ಪ್ರತಿ ಕೆಲಸಗಾರನ ಸಂಬಳದಲ್ಲಿ ಸಾಮಾನ್ಯವಾಗಿ ಶೇ 7.65 ಕಡಿತವಾಗುತ್ತದೆ, ಮಾಲೀಕನೂ ಅಷ್ಟೇ ಸೇರಿಸಬೇಕು. ಮೊದಲ ಡಾಲರಿನಿಂದಲೇ ಕಡಿತ, ವಿನಾಯಿತಿ ಮಿತಿ ಎನ್ನುವುದೇ ಇಲ್ಲ. ಉಳಿದವರಲ್ಲಿ ಶೇ 10.3 ಹಿರಿಯರ ಕುಟುಂಬಗಳು, ಅಂದರೆ ದುಡಿಯುವ ವಯಸ್ಸಿನಲ್ಲಿ ಕಟ್ಟಿ ಈಗ ಪಿಂಚಣಿಯಲ್ಲಿರುವವರು. ಶೇ 6.9 ವರ್ಷಕ್ಕೆ 20,000 ಡಾಲರಿಗಿಂತ ಕಡಿಮೆ ಆದಾಯದವರು. ಇವೆಲ್ಲ ಕಳೆದರೆ ಶೇ 1ಕ್ಕಿಂತ ಕಡಿಮೆ ಜನ ಉಳಿಯುತ್ತಾರೆ. ವರ್ಷಕ್ಕೆ 10 ಲಕ್ಷ ಡಾಲರ್ ದಾಟಿದ ಆದಾಯವಿದ್ದೂ ವಿನಾಯಿತಿಗಳನ್ನು ಬಳಸಿ ಏನೂ ಕಟ್ಟದ ಕೆಲವು ಸಾವಿರ ಕುಟುಂಬಗಳೂ ಈ ಪಟ್ಟಿಯಲ್ಲಿ ಇದ್ದವು. ಇವೆಲ್ಲ ಕೇಂದ್ರ ಸರ್ಕಾರದ ತೆರಿಗೆಯ ಮಾತು. ರಾಜ್ಯಗಳು ವಸೂಲು ಮಾಡುವ ಮಾರಾಟ ತೆರಿಗೆ, ಪೆಟ್ರೋಲಿನ ತೆರಿಗೆ, ಮನೆಗಂದಾಯಗಳು ಇದರಾಚೆಗಿವೆ, ಅವು ಬಡವರನ್ನೂ ಬಿಡುವುದಿಲ್ಲ.

ಚಾಮುಂಡಿ ಬೆಟ್ಟಕ್ಕೆ ಕಾರಿನಲ್ಲಿ ಬಂದವರನ್ನಷ್ಟೇ ಎಣಿಸಿ, ಮೆಟ್ಟಿಲು ಹತ್ತಿ ಬಂದವರೆಲ್ಲ ಬರಲೇ ಇಲ್ಲ ಎಂದು ಬರೆದುಕೊಂಡರೆ ಆಗುವ ತಪ್ಪು ಯಾವುದೋ, ಆದಾಯ ತೆರಿಗೆಯೊಂದನ್ನೇ ಹಿಡಿದು ಜನರನ್ನು ಕಟ್ಟುವವರು, ತಿನ್ನುವವರು ಎಂದು ವಿಂಗಡಿಸುವುದೂ ಅದೇ ತಪ್ಪು.

ಮಿತ್ರರ ಮುಜುಗರಕ್ಕೆ ಇನ್ನೊಂದು ಕಾರಣವಿತ್ತು, ಅದನ್ನು ಜೋರಾಗಿ ಹೇಳಿದವರು ಕಡಿಮೆ. ಆ 47 ಪರ್ಸೆಂಟನ್ನು ಬೆಳೆಸಿದ್ದರಲ್ಲಿ ದೊಡ್ಡ ಪಾಲು ರಿಪಬ್ಲಿಕನ್ನರದೇ. ಕಡಿಮೆ ಸಂಬಳಕ್ಕೆ ದುಡಿಯುವವರಿಗೆ ತೆರಿಗೆ ಮನ್ನಾ ಮಾಡಿ, ಕೆಲವೊಮ್ಮೆ ಕೈಗೇ ಹಣ ಕೊಡುವ ವ್ಯವಸ್ಥೆ 1975ರಲ್ಲಿ ಜೆರಾಲ್ಡ್ ಫೋರ್ಡ್ ಅಧ್ಯಕ್ಷರಾಗಿದ್ದಾಗ ಶುರುವಾಯಿತು. ದುಡಿದರೆ ಮಾತ್ರ ಸಿಗುವ ನೆರವು ಅದು. ಕೂತು ತಿನ್ನುವವರಿಗೆ ಸಿಗದು ಎಂಬ ಕಾರಣಕ್ಕೇ ಸಂಪ್ರದಾಯವಾದಿಗಳು ಅದನ್ನು ಮೆಚ್ಚಿದ್ದರು. 1986ರ ತೆರಿಗೆ ಸುಧಾರಣೆಯಲ್ಲಿ ರೊನಾಲ್ಡ್ ರೇಗನ್ ಅದನ್ನು ಹಿಗ್ಗಿಸಿದರು, ಲಕ್ಷಾಂತರ ಬಡವರನ್ನು ಆದಾಯ ತೆರಿಗೆಯಿಂದ ಹೊರಗಿಟ್ಟದ್ದನ್ನು ಹೆಮ್ಮೆಯಿಂದ ಹೇಳಿಕೊಂಡರು. ಮಕ್ಕಳಿರುವ ಕುಟುಂಬಗಳಿಗೆ ಮಗುವಿಗೆ ಇಷ್ಟೆಂದು ತೆರಿಗೆ ಕಡಿತ 1997ರಲ್ಲಿ ಬಂತು, ಆಗ ಸಂಸತ್ತು ರಿಪಬ್ಲಿಕನ್ನರ ಕೈಯಲ್ಲಿತ್ತು. 2001ರ ಕಾಯ್ದೆಯಲ್ಲಿ ಜಾರ್ಜ್ ಡಬ್ಲ್ಯು. ಬುಷ್ ಅದನ್ನು 500 ಡಾಲರಿನಿಂದ 1,000ಕ್ಕೆ ಏರಿಸಲು ದಾರಿ ಮಾಡಿದರು. ಮೂವತ್ತೈದು ವರ್ಷ ಒಂದು ಪಕ್ಷ ತನ್ನ ಸಾಧನೆ ಎಂದು ಹೇಳಿಕೊಂಡು ಬಂದ ಕೆಲಸದ ಫಲಾನುಭವಿಗಳನ್ನೇ ಆ ಪಕ್ಷದ ಅಭ್ಯರ್ಥಿ ಪರಾವಲಂಬಿಗಳೆಂದು ಕರೆದಿದ್ದರು.

ಅವರ ವೋಟು ಯಾರಿಗೆ ಎಂಬ ಊಹೆಯೂ ತಪ್ಪಿತ್ತು. ಆದಾಯ ತೆರಿಗೆ ಕಟ್ಟದವರ ಪ್ರಮಾಣ ಹೆಚ್ಚಿರುವ ರಾಜ್ಯಗಳಲ್ಲಿ ಮಿಸಿಸಿಪ್ಪಿ, ಅಲಬಾಮಾದಂಥ ದಕ್ಷಿಣದ ರಾಜ್ಯಗಳು ಮುಂದೆ. ಅವು ರಿಪಬ್ಲಿಕನ್ ಪಕ್ಷದ ಭದ್ರ ಕೋಟೆಗಳು. 65 ದಾಟಿದ ಮತದಾರರಲ್ಲಿ ನವೆಂಬರಿನಲ್ಲಿ ಶೇ 56ರಷ್ಟು ಜನ ರಾಮ್ನಿಗೇ ವೋಟು ಹಾಕಿದರೆಂದು ಮತಗಟ್ಟೆ ಸಮೀಕ್ಷೆ ತೋರಿಸಿತು. ಒಟ್ಟಾರೆ ಅವರಿಗೆ ಬಂದದ್ದು ಶೇ 47.2, ಒಬಾಮಾಗೆ ಶೇ 51.1. ಒಂದೇ ವಿಡಿಯೊದಿಂದ ಸೋತರು ಎಂದು ನಾನು ಹೇಳಲಾರೆ, ಅಧ್ಯಕ್ಷ ಚುನಾವಣೆಗೆ ನೂರು ಕಾರಣಗಳಿರುತ್ತವೆ. ಆದರೆ ಸ್ವಂತ ಆದಾಯದ ವಿವರವನ್ನು ರಾಮ್ನಿ ಅದೇ ವಾರ, ಸೆಪ್ಟೆಂಬರ್ 21ರಂದು ಪ್ರಕಟಿಸಿದಾಗ, 2011ರ ಸುಮಾರು 1.37 ಕೋಟಿ ಡಾಲರ್ ಆದಾಯಕ್ಕೆ ಅವರು ಕಟ್ಟಿದ ತೆರಿಗೆ ಶೇ 14ರ ಆಸುಪಾಸು ಎಂದು ಗೊತ್ತಾಯಿತು. ಹೂಡಿಕೆಯ ಲಾಭಕ್ಕೆ ಸಂಬಳಕ್ಕಿಂತ ಕಡಿಮೆ ದರ ಇದ್ದುದರಿಂದ ಹಾಗಾಗಿತ್ತು. ಅದೂ ಕಾನೂನುಬದ್ಧವೇ. ಹೊಲಿಗೆ ಕೆಲಸದ ಹೆಂಗಸಿಗೆ ಕಾನೂನು ಕೊಟ್ಟ ವಿನಾಯಿತಿ ಪರಾವಲಂಬನೆ ಎನಿಸಿಕೊಂಡು, ಹೂಡಿಕೆದಾರನಿಗೆ ಕೊಟ್ಟ ವಿನಾಯಿತಿ ಜಾಣತನ ಎನಿಸಿಕೊಳ್ಳುವುದಾದರೆ, ಅಲ್ಲಿ ಮಾತಾಡುತ್ತಿರುವುದು ತೆರಿಗೆಯ ಲೆಕ್ಕವಲ್ಲ, ಅಂತಸ್ತು.

ಅಕ್ಟೋಬರ್ 4ರಂದು ರಾಮ್ನಿ ಟಿವಿ ಸಂದರ್ಶನದಲ್ಲಿ ತಾವು ಆಡಿದ್ದು ಪೂರ್ತಿ ತಪ್ಪು ಎಂದು ಒಪ್ಪಿಕೊಂಡರು. ಒಪ್ಪಿಕೊಳ್ಳಲು ಎರಡೂವರೆ ವಾರ ಹಿಡಿಯಿತು. ಸೋತ ಮೇಲೆ, ನವೆಂಬರ್ 14ರಂದು, ದೇಣಿಗೆದಾರರ ಜತೆ ಮಾತಾಡುವಾಗ ಮತ್ತೆ ಅದೇ ಜಾಡಿಗೆ ಬಿದ್ದು, ಒಬಾಮಾ ಕೆಲವು ಗುಂಪುಗಳಿಗೆ ಉಡುಗೊರೆ ಹಂಚಿ ಗೆದ್ದರು ಎಂದರು. ಆಗಲೂ ತಡೆದವರು ಮಿತ್ರರೇ. ಪಂಜಾಬಿ ಮೂಲದ, ಲೂಸಿಯಾನಾದ ಗವರ್ನರ್ ಬಾಬಿ ಜಿಂದಾಲ್ ಆ ಮಾತನ್ನು ತಾನು ಸಾರಾಸಗಟಾಗಿ ತಿರಸ್ಕರಿಸುತ್ತೇನೆ ಎಂದರು. ಉಪಾಧ್ಯಕ್ಷ ಅಭ್ಯರ್ಥಿಯಾಗಿದ್ದ ಪಾಲ್ ರಯಾನ್ ಕೂಡ ಒಂದು ಕಾಲಕ್ಕೆ ದೇಶವನ್ನು ಗಳಿಸುವವರು, ಕಸಿದುಕೊಳ್ಳುವವರು ಎಂದು ಒಡೆದು ಮಾತಾಡಿದವರು. 2016ರ ಮಾರ್ಚಿನಲ್ಲಿ, ಸ್ಪೀಕರ್ ಆಗಿದ್ದಾಗ, ಅದು ತಪ್ಪಾಗಿತ್ತು ಎಂದು ಬಹಿರಂಗವಾಗಿ ಹೇಳಿದರು. ಬಡತನದ ಬಲೆಯಲ್ಲಿ ಸಿಕ್ಕಿ ಮಕ್ಕಳನ್ನು ಸಾಕುತ್ತಿರುವ ಒಂಟಿ ತಾಯಿಯನ್ನು ಹಾಗೆ ಕರೆಯುವುದು ಸರಿಯಲ್ಲ ಎಂಬ ಅರ್ಥದ ಮಾತಾಡಿದರು. ಅವರಿಗೆ ಇದಕ್ಕಾಗಿ ನನ್ನ ಗೌರವವಿದೆ.

ಈಗ ರಾಮ್ನಿಯ ಅಳತೆಗೋಲನ್ನು ಮಂಡ್ಯಕ್ಕೆ ತಂದು ನೋಡೋಣ.

ಸಂಸತ್ತಿಗೆ ಸರ್ಕಾರ ಕೊಟ್ಟ ಉತ್ತರದ ಪ್ರಕಾರ 2022–23ರಲ್ಲಿ ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸಿದವರು ದೇಶದಲ್ಲಿ ಸುಮಾರು 7.4 ಕೋಟಿ. ಅದರಲ್ಲಿ ಸುಮಾರು 5.16 ಕೋಟಿ ಜನರ ತೆರಿಗೆ ಸೊನ್ನೆ. ಉಳಿದವರು ಎರಡೂಕಾಲು ಕೋಟಿ. 140 ಕೋಟಿ ಜನರಿಗೆ ಹೋಲಿಸಿದರೆ ನೂರಕ್ಕೆ ಇಬ್ಬರೂ ಇಲ್ಲ. 2025ರ ಬಜೆಟ್ ಹೊಸ ಪದ್ಧತಿಯಲ್ಲಿ ₹12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳದಂತೆ ಮಾಡಿದ ಮೇಲೆ ಇನ್ನೂ ಎಷ್ಟೋ ಸಂಬಳದಾರರು ಸೊನ್ನೆಯ ಸಾಲಿಗೆ ಬಂದಿದ್ದಾರೆ. ಮೈಸೂರಿನ ವಿಜಯನಗರದಲ್ಲೋ ಸರಸ್ವತಿಪುರಂನಲ್ಲೋ ಇರುವ, ವರ್ಷಕ್ಕೆ ಹನ್ನೊಂದು ಲಕ್ಷ ಸಂಬಳದ ಉದ್ಯೋಗಿ ಇಂದು ರಾಮ್ನಿಯ ಲೆಕ್ಕದಲ್ಲಿ ತೆರಿಗೆ ಕಟ್ಟದವರ ಸಾಲಿನವರು. ಅವರನ್ನು ಪರಾವಲಂಬಿ ಎಂದು ಯಾರೂ ಕರೆಯುವುದಿಲ್ಲ, ಕರೆಯಲೂ ಬಾರದು.

ಮದ್ದೂರು, ಪಾಂಡವಪುರ ಕಡೆಯ ಕಬ್ಬು ಬೆಳೆಗಾರನ ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಇದು ಯಾರೋ ತೋರಿದ ದಯೆಯಲ್ಲ. ಸಂವಿಧಾನ ಕೃಷಿ ಆದಾಯದ ಮೇಲಿನ ತೆರಿಗೆಯನ್ನು ರಾಜ್ಯಗಳ ಪಟ್ಟಿಯಲ್ಲಿ ಇಟ್ಟಿದೆ, ಕೇಂದ್ರದ ಕಾಯ್ದೆ ಅದನ್ನು ಹೊರಗಿಟ್ಟಿದೆ. ಆದರೆ ಆತ ದಿನ ಬೆಳಗಾದರೆ ಕಟ್ಟುವ ತೆರಿಗೆಗಳನ್ನು ನೋಡಿ. ಗೊಬ್ಬರಕ್ಕೆ ಶೇ 5 ಜಿಎಸ್‌ಟಿ. ಟ್ರ್ಯಾಕ್ಟರಿಗೆ 2025ರ ಸೆಪ್ಟೆಂಬರ್ 21ರವರೆಗೆ ಶೇ 12, ಈಗ ಶೇ 5. ಸೋಪು, ಟೂತ್‌ಪೇಸ್ಟಿಗೆ ಆವತ್ತಿನವರೆಗೆ ಶೇ 18, ಈಗ ಶೇ 5. ಸಿಮೆಂಟಿಗೆ ಶೇ 28 ಇದ್ದದ್ದು ಶೇ 18 ಆಗಿದೆ. ಚೀಲಕ್ಕೆ ₹400 ಎಂದಿಟ್ಟುಕೊಂಡರೆ ಈಗಲೂ ಅದರಲ್ಲಿ ₹61 ತೆರಿಗೆ. ಸಣ್ಣ ಮನೆಗೆ 300 ಚೀಲ ಬಿದ್ದರೆ ಸಿಮೆಂಟೊಂದಕ್ಕೇ ಹದಿನೆಂಟು ಸಾವಿರ ದಾಟುತ್ತದೆ. ಮೊಬೈಲಿಗೆ ₹299ರ ರೀಚಾರ್ಜ್ ಮಾಡಿಸಿದರೆ ಅದರಲ್ಲಿ ₹45ಕ್ಕೂ ಹೆಚ್ಚು ತೆರಿಗೆ. 28 ದಿನಕ್ಕೊಮ್ಮೆ ಹಾಕಿಸುವವರು ವರ್ಷಕ್ಕೆ ಹತ್ತಿರ ಹತ್ತಿರ ₹600 ಕಟ್ಟುತ್ತಾರೆ. ಗದ್ದೆಯ ಕೂಲಿಯಾಳೂ ಅಷ್ಟೇ, ಕಂಪನಿ ಮ್ಯಾನೇಜರೂ ಅಷ್ಟೇ. ಒಬ್ಬರಿಗೆ ಅದು ಒಂದೆರಡು ದಿನದ ಕೂಲಿ, ಇನ್ನೊಬ್ಬರಿಗೆ ಒಂದು ಗಂಟೆಯ ಸಂಬಳ.

ಡೀಸೆಲ್ ವಿಷಯ ಇನ್ನೂ ಭಾರ. ಪೆಟ್ರೋಲ್, ಡೀಸೆಲ್ ಜಿಎಸ್‌ಟಿಯ ಹೊರಗಿವೆ. ಕೇಂದ್ರ ಲೀಟರಿಗೆ ಇಷ್ಟೆಂದು ಅಬಕಾರಿ ಸುಂಕ ಹಾಕುತ್ತದೆ, ಅದರ ಮೇಲೆ ರಾಜ್ಯ ಮಾರಾಟ ತೆರಿಗೆ ಹಾಕುತ್ತದೆ. ಕರ್ನಾಟಕ 2024ರ ಜೂನ್‌ನಲ್ಲಿ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೂ, ಡೀಸೆಲಿನದನ್ನು ಶೇ 14.34ರಿಂದ 18.44ಕ್ಕೂ ಏರಿಸಿತು. 2025ರ ಏಪ್ರಿಲ್‌ನಲ್ಲಿ ಡೀಸೆಲಿನದು ಶೇ 21.17 ಆಯಿತು. ಕಬ್ಬು ಸಾಗಿಸುವ ಲಾರಿ, ಉಳುವ ಟಿಲ್ಲರ್, ನಾಗಮಂಗಲದ ಬಯಲಿನಲ್ಲಿ ಕರೆಂಟು ಹೋದಾಗ ಓಡುವ ಪಂಪ್, ಎಲ್ಲವೂ ಈ ತೆರಿಗೆಯನ್ನು ಕುಡಿಯುತ್ತವೆ. ಬಂಕಿನ ರಸೀದಿಯಲ್ಲಿ ಇಷ್ಟು ತೆರಿಗೆ ಎಂದು ಬರೆದಿರುವುದಿಲ್ಲ. ಕಾಣದ ತೆರಿಗೆಯನ್ನು ಕಟ್ಟಿದವನಿಗೆ ತಾನೂ ತೆರಿಗೆದಾರ ಎಂದು ಅನಿಸುವುದಿಲ್ಲ. ಸಂಬಳದ ಚೀಟಿಯಲ್ಲಿ ಕಡಿತ ಕಂಡವನಿಗೆ ತಾನೊಬ್ಬನೇ ಕಟ್ಟುತ್ತಿದ್ದೇನೆ ಅನಿಸುತ್ತದೆ. ನಮ್ಮ ಊರಿನ ಜಗಳಕ್ಕೆ ಮುಖ್ಯ ಕಾರಣ ಇದು ಎಂದು ನಾನು ನಂಬಿದ್ದೇನೆ.

ಗೃಹಲಕ್ಷ್ಮಿಯ ನಿಯಮವೂ ಈ ಭಾವನೆಯನ್ನು ಬೆಳೆಸಿತು. ಮನೆಯ ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುತ್ತಿದ್ದರೆ, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುತ್ತಿದ್ದರೆ ತಿಂಗಳ ₹2,000 ಸಿಗುವುದಿಲ್ಲ. ನೆರವು ಅಗತ್ಯವಿದ್ದವರಿಗೆ ಹೋಗಲಿ ಎಂಬ ಉದ್ದೇಶ ಸರಿ. ಆದರೆ ಅದರಿಂದ ಊರಿನಲ್ಲಿ ಎರಡು ಸಾಲು ನಿಂತಂತಾಯಿತು, ಒಂದು ಕಟ್ಟುವವರದು, ಇನ್ನೊಂದು ಪಡೆಯುವವರದು.

ಪಡೆಯುವ ಆ ಹಣ ಬರುವುದಾದರೂ ಎಲ್ಲಿಂದ? ಈ ಭಾಗವನ್ನು ನಿಧಾನವಾಗಿ ಓದಿ, ಯಾಕೆಂದರೆ ಚರ್ಚೆಗಳಲ್ಲಿ ಇದು ಬರುವುದೇ ಇಲ್ಲ. ಉಚಿತ ಬಸ್ಸು, ಗೃಹಲಕ್ಷ್ಮಿಯಂಥ ಗ್ಯಾರಂಟಿಗಳು ರಾಜ್ಯ ಸರ್ಕಾರದವು. ಆದಾಯ ತೆರಿಗೆ ಹೋಗುವುದು ದೆಹಲಿಗೆ. ಕೇಂದ್ರ ತನ್ನ ತೆರಿಗೆಗಳಲ್ಲಿ ಹಂಚಬೇಕಾದ ಭಾಗದ ಶೇ 41ನ್ನು ಎಲ್ಲ ರಾಜ್ಯಗಳಿಗೂ ಹಂಚುತ್ತದೆ. ಅದರಲ್ಲಿ 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ಕರ್ನಾಟಕಕ್ಕೆ ನಿಗದಿ ಮಾಡಿದ ಪಾಲು ಶೇ 3.647. 2024–25ರ ರಾಜ್ಯ ಬಜೆಟ್ ಅಂದಾಜು ತೆಗೆದು ನೋಡಿದರೆ, ಆದಾಯ ತೆರಿಗೆಯೂ ಸೇರಿ ಕೇಂದ್ರದ ಎಲ್ಲ ತೆರಿಗೆಗಳ ಪಾಲು ಎಂದು ಬರಬೇಕಿದ್ದದ್ದು ₹44,485 ಕೋಟಿ. ರಾಜ್ಯದ ಸ್ವಂತ ತೆರಿಗೆ ₹1,89,893 ಕೋಟಿ. ಈ ಸ್ವಂತ ತೆರಿಗೆಯಲ್ಲಿ ₹1,10,000 ಕೋಟಿ ಜಿಎಸ್‌ಟಿ, ಪೆಟ್ರೋಲ್–ಡೀಸೆಲ್ ತೆರಿಗೆಗಳಂಥ ವಾಣಿಜ್ಯ ತೆರಿಗೆ. ₹38,525 ಕೋಟಿ ಅಬಕಾರಿ, ಅಂದರೆ ಮದ್ಯದ ಮೇಲಿನ ತೆರಿಗೆ. ₹26,000 ಕೋಟಿ ನೋಂದಣಿ ಮತ್ತು ಮುದ್ರಾಂಕ. ₹13,000 ಕೋಟಿ ಮೋಟಾರು ವಾಹನ ತೆರಿಗೆ.

ಅಂದರೆ ಬಸ್ಸಿನ ಉಚಿತ ಟಿಕೆಟ್ಟಿಗೆ, ಯಜಮಾನಿಯ ಖಾತೆಗೆ ಬೀಳುವ ಹಣಕ್ಕೆ ಮೂಲ ಹೆಚ್ಚಾಗಿ ಕಿರಾಣಿ ಅಂಗಡಿ, ಪೆಟ್ರೋಲ್ ಬಂಕು, ಮದ್ಯದಂಗಡಿ, ಸಬ್ ರಿಜಿಸ್ಟ್ರಾರ್ ಕಚೇರಿ. ಅಬಕಾರಿಯ ಮೂವತ್ತೆಂಟು ಸಾವಿರ ಕೋಟಿಯಲ್ಲಿ ದುಡಿಯುವ ಗಂಡಸರ ಕೂಲಿ ಎಷ್ಟಿದೆ ಎಂದು ಮಳವಳ್ಳಿಯ ಹಳ್ಳಿಗಳ ಹೆಂಗಸರನ್ನು ಕೇಳಿದರೆ ಸಾಕು. ಗಂಡ ಅಂಗಡಿಯಲ್ಲಿ ಕಟ್ಟಿ ಬಂದ ತೆರಿಗೆಯ ಒಂದು ಪಾಲು ಹೆಂಡತಿಯ ಖಾತೆಗೆ ಮರಳುವಾಗ, ಅದನ್ನು ಬೇರೆ ಯಾರದೋ ದುಡ್ಡು ಎನ್ನುವುದು ಆ ಮನೆಗೆ ಮಾಡುವ ಅವಮಾನ.

ಶ್ರೀರಂಗಪಟ್ಟಣ, ಮದ್ದೂರು ಕಡೆಯ ಗಾರ್ಮೆಂಟ್ಸ್‌ಗೆ ಬೆಳಗ್ಗೆ ಬಸ್ಸು ಹತ್ತುವ ಹೆಣ್ಣುಮಕ್ಕಳು ಅಮೆರಿಕದ ಆ ಶೇ 28.3ರ ಗುಂಪಿಗೆ ಬಹಳ ಹತ್ತಿರ. ಆದಾಯ ತೆರಿಗೆ ಮಿತಿಯ ಸಮೀಪಕ್ಕೂ ಅವರ ಸಂಬಳ ಬರುವುದಿಲ್ಲ. ಆದರೆ ಪಿಎಫ್‌ಗೆ ಶೇ 12, ಇಎಸ್‌ಐಗೆ ಶೇ 0.75 ಕಡಿತವಾಗಿಯೇ ಕೈಗೆ ಬರುತ್ತದೆ. ಪಿಎಫ್ ಅವರದೇ ಉಳಿತಾಯ, ತೆರಿಗೆಯಲ್ಲ, ಆ ವ್ಯತ್ಯಾಸವನ್ನು ಮರೆಯಬಾರದು. ಆದರೂ ಮುಪ್ಪಿಗೆ, ಕಾಯಿಲೆಗೆ ತಾವೇ ಕಟ್ಟಿಕೊಳ್ಳುತ್ತಿರುವವರು ಅವರು. ತಮ್ಮ ಹೊಣೆ ತಾವು ಹೊರುವುದಿಲ್ಲ ಎಂಬ ಮಾತು ಅವರಿಗೆ ಹೊಂದುವುದೇ ಇಲ್ಲ.

ಸರ್ಕಾರವನ್ನು ನೆಚ್ಚಿಕೊಂಡವರು ಯಾರು ಎಂದು ಕೇಳಿದರೆ, ನಮ್ಮ ಸೀಮೆಯಲ್ಲಿ ಉತ್ತರ ಎಲ್ಲರೂ. ಕನ್ನಂಬಾಡಿ ಕಟ್ಟೆ, ವಿಶ್ವೇಶ್ವರಯ್ಯ ನಾಲೆ, 1933ರ ಮೈಷುಗರ್ ಕಾರ್ಖಾನೆ ಇವೆಲ್ಲ ಸಾರ್ವಜನಿಕ ಹಣದ ಕೆಲಸಗಳು. ಅವಿಲ್ಲದೆ ಮಂಡ್ಯದ ಹಸಿರೂ ಇಲ್ಲ, ಅದರ ಮೇಲೆ ಬೆಳೆದ ವ್ಯಾಪಾರವೂ ಇಲ್ಲ. ಗೃಹಸಾಲದ ಬಡ್ಡಿಗೆ ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ ₹2 ಲಕ್ಷದವರೆಗೆ ಆದಾಯದಿಂದ ಕಳೆದುಕೊಳ್ಳುವ ಮೈಸೂರಿನ ಮನೆಯವರಿಗೆ ಸಿಗುವುದೂ ಸರ್ಕಾರದ ನೆರವೇ. ಅದು ಖಾತೆಗೆ ಬೀಳುವುದಿಲ್ಲ, ಖಾತೆಯಿಂದ ಹೋಗದೆ ಉಳಿಯುತ್ತದೆ, ಅಷ್ಟೇ.

ಎದುರು ವಾದವೊಂದಿದೆ, ಅದನ್ನು ತಳ್ಳಿಹಾಕಲಾರೆ. ನೇರ ತೆರಿಗೆ ಕಟ್ಟುವವರು ತೀರಾ ಕಡಿಮೆಯಾದರೆ ಸರ್ಕಾರದ ಖರ್ಚಿನ ಬಗ್ಗೆ ಕಾಳಜಿ ಇರುವವರೂ ಕಡಿಮೆಯಾಗುತ್ತಾರೆ, ದೇಶದ ಬೊಕ್ಕಸ ಕೆಲವರ ಹೆಗಲ ಮೇಲೆ ನಿಲ್ಲುತ್ತದೆ ಎಂಬುದು ಆ ವಾದ. ಕೃಷಿ ಆದಾಯದ ವಿನಾಯಿತಿಯನ್ನು ಎರಡೆಕರೆಯ ರೈತನ ಹೆಸರಿನಲ್ಲಿ ಇಟ್ಟು, ಲಾಭ ಪಡೆಯುವವರು ದೊಡ್ಡ ತೋಟದವರು, ಕಪ್ಪು ಹಣವನ್ನು ಹೊಲದ ಫಸಲೆಂದು ತೋರಿಸುವವರು ಎಂಬ ದೂರೂ ನಿಜ. ಇದನ್ನು ಸರಿಪಡಿಸುವ ದಾರಿಯನ್ನು ಕೆ.ಎನ್. ರಾಜ್ ಸಮಿತಿ 1972ರಲ್ಲೇ ಸೂಚಿಸಿತ್ತು. ಐವತ್ತು ವರ್ಷ ಕಳೆದರೂ ಯಾವ ಪಕ್ಷವೂ ಮುಟ್ಟಲಿಲ್ಲ. ಶ್ರೀಮಂತ ಕೃಷಿ ಆದಾಯಕ್ಕೆ ತೆರಿಗೆ ಬೀಳಲಿ ಎಂದು ವಾದಿಸುವವರ ಜತೆ ನಾನಿದ್ದೇನೆ. ಆದರೆ ಅದು ಕಾನೂನಿನ ಪ್ರಶ್ನೆ. ಅದನ್ನು ಬಸ್ಸಿನಲ್ಲಿ ನಿಂತ ಹೆಂಗಸಿನ ಯೋಗ್ಯತೆಯ ಪ್ರಶ್ನೆ ಮಾಡುವುದು ಬೇರೆ.

ತೆರಿಗೆಗೂ ಪೌರತ್ವಕ್ಕೂ ಗಂಟು ಹಾಕುವ ಯೋಚನೆ ನಮಗೆ ಹೊಸದೇನಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದಾಗ ಅಲ್ಲಿಗೆ ಬಂದವರು ಜಮೀನುದಾರರು, ವ್ಯಾಪಾರಿಗಳು. ಮುಂದೆ ಚುನಾವಣೆ ಬಂದಾಗಲೂ ಮತದ ಅರ್ಹತೆ ನಿಂತದ್ದು ಬಹುಮಟ್ಟಿಗೆ ಕಟ್ಟುವ ಕಂದಾಯ, ಇರುವ ಆಸ್ತಿ, ಪಡೆದ ಪದವಿಗಳ ಮೇಲೆ. ಭಾರತದ ಸಭೆಗಳಲ್ಲೇ ಮೊದಲಿನದು ಎಂಬ ಹೆಮ್ಮೆ ಅದಕ್ಕೆ ಸಲ್ಲಬೇಕು. ಆದರೆ ಆ ಸಭೆಯ ಬಾಗಿಲು ಗೇಣಿದಾರನಿಗೂ ಜೀತದಾಳಿಗೂ ಮುಚ್ಚಿತ್ತು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ತಲೆಗಂದಾಯ ಕಟ್ಟದವರಿಗೆ ವೋಟಿಲ್ಲ ಎಂಬ ನಿಯಮ ಕಪ್ಪು ಜನರನ್ನೂ ಬಡ ಬಿಳಿಯರನ್ನೂ ದಶಕಗಳ ಕಾಲ ಮತಗಟ್ಟೆಯಿಂದ ದೂರವಿಟ್ಟಿತ್ತು. ಕೇಂದ್ರದ ಚುನಾವಣೆಗಳಲ್ಲಿ ಅದು ಹೋದದ್ದು 1964ರ 24ನೇ ತಿದ್ದುಪಡಿಯಿಂದ, ರಾಜ್ಯಗಳ ಚುನಾವಣೆಗಳಲ್ಲಿ 1966ರ ಸುಪ್ರೀಂ ಕೋರ್ಟ್ ತೀರ್ಪಿನಿಂದ. ನಮ್ಮ ಸಂವಿಧಾನ ಅವರಿಗಿಂತ ಮೊದಲೇ, 326ನೇ ವಿಧಿಯಲ್ಲಿ, ವಯಸ್ಸು ತುಂಬಿದ ಎಲ್ಲರಿಗೂ ಮತ ಕೊಟ್ಟಿತು. ಎಷ್ಟು ಕಟ್ಟುತ್ತೀ ಎಂದು ಕೇಳಲಿಲ್ಲ.

ಆದ್ದರಿಂದ ಗ್ಯಾರಂಟಿಗಳನ್ನು ಪ್ರಶ್ನಿಸುವವರನ್ನು ಸುಮ್ಮನಿರಿಸುವುದು ನನ್ನ ಉದ್ದೇಶವಲ್ಲ, ಪ್ರಶ್ನೆ ಕೇಳುವವರ ಸಂಖ್ಯೆ ಹೆಚ್ಚಬೇಕು ಎಂಬುದೇ ನನ್ನ ಮಾತು. 2024–25ರ ಬಜೆಟ್ಟಿನಲ್ಲಿ ಐದು ಗ್ಯಾರಂಟಿಗಳಿಗೆ ಮೀಸಲಾದದ್ದು ಸುಮಾರು ₹52,000 ಕೋಟಿ. ಅಷ್ಟು ಕೊಟ್ಟ ಮೇಲೆ ನಾಲೆಗಳ ಹೂಳೆತ್ತಲು ಎಷ್ಟು ಉಳಿಯಿತು, ಸರ್ಕಾರಿ ಶಾಲೆಗೆ ಮೇಷ್ಟರು ಯಾಕೆ ಬಂದಿಲ್ಲ, ಉಚಿತ ಬಸ್ಸಿಗೆ ಸಾರಿಗೆ ನಿಗಮಕ್ಕೆ ಸಲ್ಲಬೇಕಾದ ಹಣ ಪೂರ್ತಿ ಸಂದಿದೆಯೇ, ಗೃಹಲಕ್ಷ್ಮಿ ಕಂತು ಈ ತಿಂಗಳದು ಯಾವಾಗ ಎಂದು ರೀಚಾರ್ಜ್ ಮಾಡಿಸಿದ ಕೂಲಿಯಾಳು ಕೇಳಬಹುದು, ಡೀಸೆಲ್ ಹಾಕಿಸಿದ ರೈತ ಕೇಳಬಹುದು, ಸಂಬಳದಲ್ಲಿ ತೆರಿಗೆ ಮುರಿಸಿಕೊಂಡ ನೌಕರನೂ ಕೇಳಬಹುದು. ಮೂವರೂ ಕಟ್ಟಿದ್ದಾರೆ, ಮೂವರಿಗೂ ಉತ್ತರ ಸಿಗಬೇಕು.